ಬೋರ್‌ವೆಲ್ ನೀರು ಕುಡಿದ ಎಂಜಿನ್‌ಗಳು

ಹಳೇ ಕಾರು ಕೊಳ್ಳಲು ಬಂದವರು ಬಾಗಿಲು ತೆಗೆದು ಮುಚ್ಚಿ ನೋಡುತ್ತಾರೆ, ಸೀಟು ಒತ್ತುತ್ತಾರೆ, ಟೈರಿಗೊಂದು ಒದೆ ಕೊಡುತ್ತಾರೆ. ನಮ್ಮ ಮೇಸ್ತ್ರಿ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಬಾನೆಟ್ ಎತ್ತಿಸಿ, ಎಂಜಿನ್ ತಣ್ಣಗಿದೆಯೇ ಎಂದು ಅಂಗೈ ಇಟ್ಟು ನೋಡಿ, ರೇಡಿಯೇಟರ್ ಮುಚ್ಚಳ ತಿರುಗಿಸಿ ತೋರುಬೆರಳನ್ನು ಒಳಗೆ ಹಾಕುತ್ತಿದ್ದರು. ಬೆರಳಿಗೆ ಕೆಂಪು ಕೆಸರು ಹತ್ತಿದರೆ ಒಂದು ಮುಖ, ಬಿಳಿ ಹಿಟ್ಟು ಹತ್ತಿದರೆ ಇನ್ನೊಂದು ಮುಖ. ಜಿಡ್ಡು ಹತ್ತಿತೋ, ಮಾತೇ ಇಲ್ಲ. ಬೆರಳನ್ನು ಬನಿಯನ್ನಿಗೆ ಒರೆಸಿಕೊಂಡು "ಬ್ಯಾಡ ಬುಡಿ ಗೌಡ್ರೆ, ಬೇರೆ ನೋಡಣ" ಎಂದು ಬೀಡಿ ಹಚ್ಚುತ್ತಿದ್ದರು. ಮಾರಲು ಬಂದವನು ಹೊಸ ಪೇಂಟು, ಹೊಸ ಟೇಪ್ ರೆಕಾರ್ಡರ್ ಎಂದು ಎಷ್ಟು ಹೇಳಿದರೂ ಆ ತೀರ್ಪು ಬದಲಾಗುತ್ತಿರಲಿಲ್ಲ.

ತ್ಯಾಮಗೊಂಡ್ಲಿನ ಆ ಗ್ಯಾರೇಜಿಗೆ ನಾನು ಸೇರಿದ್ದು ಎಂಬತ್ತರ ದಶಕದ ಕೊನೆಯಲ್ಲಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ. ಹುಡುಗ ಬಿಸಿಲಲ್ಲಿ ಅಲೆಯದಿರಲಿ ಎಂದು ಅಪ್ಪ ತಂದು ಬಿಟ್ಟಿದ್ದರು; ಅದೇ ಕಸುಬಾಯಿತು. ಗ್ಯಾರೇಜು ಎಂದರೆ ಒಂದು ತಗಡಿನ ಚಾವಣಿ, ಎಣ್ಣೆ ಕುಡಿದು ಕಪ್ಪಾದ ನೆಲ, ಪಕ್ಕದಲ್ಲೊಂದು ಹುಣಸೇಮರ. ಮೇಸ್ತ್ರಿ ಕಲಾಸಿಪಾಳ್ಯದಲ್ಲಿ ಕೆಲಸ ಕಲಿತು ಬಂದವರು. ನಮ್ಮೂರು ನೆಲಮಂಗಲ ತಾಲ್ಲೂಕಿನ ಹೋಬಳಿ ಊರು, ಹಳೆಯ ವ್ಯಾಪಾರದ ಪೇಟೆ. ಒಂದು ದಾರಿ ಟಿ. ಬೇಗೂರಿನಲ್ಲಿ ತುಮಕೂರು ಹೆದ್ದಾರಿ ಸೇರುತ್ತದೆ, ಇನ್ನೊಂದು ದಾಬಸ್‌ಪೇಟೆಗೆ, ಮತ್ತೊಂದು ದೊಡ್ಡಬಳ್ಳಾಪುರದ ಕಡೆಗೆ. ಹಾಗಾಗಿ ಗಾಡಿಗಳಿಗೆ ಬರವಿರಲಿಲ್ಲ. ಮದುವೆ ದಿಬ್ಬಣದ ಮೆಟಡಾರು, ಬಾಡಿಗೆ ಅಂಬಾಸಿಡರು, ಶ್ಯಾನುಭೋಗರ ಮನೆಯ ಪ್ರೀಮಿಯರ್ ಪದ್ಮಿನಿ, ತೋಟದವರ ಜೀಪು. ಆಮೇಲಾಮೇಲೆ ಮಾರುತಿ.

ಆ ಗಾಡಿಗಳೆಲ್ಲ ಕುಡಿಯುತ್ತಿದ್ದದ್ದು ಊರ ನೀರನ್ನೇ. ಮೇಸ್ತ್ರಿಯ ಕಾಲದಲ್ಲಿ ಕೆರೆ ತುಂಬಿದ ವರ್ಷ ತೆರೆದ ಬಾವಿಗಳಲ್ಲಿ ನೀರು ಕೈಗೆ ಸಿಗುತ್ತಿತ್ತಂತೆ. ಆ ನೀರು ಸಪ್ಪೆ, ಬೇಳೆ ಬೇಯುತ್ತಿತ್ತು. ನಾನು ಕಣ್ಣು ಬಿಡುವ ಹೊತ್ತಿಗೆ ಬಾವಿಗಳಲ್ಲಿ ಕಸ ತುಂಬಿ, ಬೋರ್‌ವೆಲ್ ಲಾರಿಯ ಸದ್ದು ಶುರುವಾಗಿತ್ತು. ಶಿವಗಂಗೆಯಲ್ಲಿ ಹುಟ್ಟುವ ಕುಮುದ್ವತಿಯಾಗಲಿ, ನಂದಿಬೆಟ್ಟದಿಂದ ಇಳಿಯುವ ಅರ್ಕಾವತಿಯಾಗಲಿ ನಮ್ಮ ಕಾಲಕ್ಕೆ ಮಳೆಗಾಲದ ಹಳ್ಳಗಳು. ಬೋರು ಆಳಕ್ಕಿಳಿದಷ್ಟೂ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಬರುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಹೊತ್ತುಕೊಂಡೇ ಬರುತ್ತದೆ. ನಮ್ಮ ಕಡೆ ಬಚ್ಚಲುಮನೆಯ ಹಂಡೆಯ ಒಳಗೆ ಕೈಯಾಡಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ಸುಣ್ಣದ ಹಾಗೆ ಗಟ್ಟಿಯಾಗಿ ಕೂತ ಬಿಳಿ ಪದರ, ಉಗುರಿಗೆ ಬಗ್ಗುವುದಿಲ್ಲ, ಕಲ್ಲಲ್ಲಿ ಕುಟ್ಟಿದರೆ ಚಕ್ಕೆ ಏಳುತ್ತದೆ. ಎಂಜಿನ್ನಿನ ಹೊಟ್ಟೆಯೊಳಗೂ ಅದೇ.

ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ (ಐಎಸ್ 10500) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಎಂದಿದೆ. ಮನುಷ್ಯನ ಹೊಟ್ಟೆ ತಡೆದುಕೊಳ್ಳುವ ಈ 600, ಎಂಜಿನ್ನಿಗೆ ಶುದ್ಧ ಅನ್ಯಾಯ. ಲವಣ ಕೂರುವುದು ಎಲ್ಲ ಕಡೆ ಸಮನಾಗಿ ಅಲ್ಲ. ಎಲ್ಲಿ ಲೋಹ ಅತಿ ಬಿಸಿಯಾಗುತ್ತದೋ ಅಲ್ಲೇ ಮೊದಲು ಕೂರುತ್ತದೆ. ಎಂದರೆ ಎಕ್ಸಾಸ್ಟ್ ವಾಲ್ವ್ ಸೀಟಿನ ಸುತ್ತ, ಒಂದು ಸಿಲಿಂಡರಿಗೂ ಪಕ್ಕದ ಸಿಲಿಂಡರಿಗೂ ನಡುವಿನ ಕಿರಿದಾದ ಸಂದಿಯಲ್ಲಿ. ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಅತ್ಯಂತ ಸಪೂರವಾಗಿರುವುದೂ ಅದೇ ಸಂದಿಯಲ್ಲಿ. ಎರಕದ ಕಬ್ಬಿಣದಲ್ಲಿ ಶಾಖ ಹರಿದು ಹೋಗುವುದಕ್ಕೆ ಹೋಲಿಸಿದರೆ ಈ ಸುಣ್ಣದ ಪದರದಲ್ಲಿ ಅದು ಹತ್ತಾರು ಪಟ್ಟು ನಿಧಾನ. ನೀರು ಹೊರಗೆ ಹರಿಯುತ್ತಲೇ ಇರುತ್ತದೆ, ಮೀಟರಿನ ಮುಳ್ಳು ನಡುವೆಯೇ ನಿಂತಿರುತ್ತದೆ, ಪದರದ ಹಿಂದೆ ಲೋಹ ಮಾತ್ರ ಕಾಯುತ್ತಾ ಹೋಗುತ್ತದೆ. ಘಾಟಿಯಲ್ಲಿ ಗ್ಯಾಸ್ಕೆಟ್ ಹೋಯಿತು ಎಂದು ಜನ ಘಾಟಿಯನ್ನು ಬೈಯುತ್ತಿದ್ದರು. ಅದು ಹೋಗಲು ಶುರುವಾಗಿದ್ದು ಊರ ನಲ್ಲಿಯ ಹತ್ತಿರ, ಎಷ್ಟೋ ವರ್ಷ ಮೊದಲು. ಈ ಕಸುಬಿನಲ್ಲಿ ನಾನು ಕಂಡುಕೊಂಡದ್ದು ಮುಖ್ಯವಾಗಿ ಇದೊಂದೇ. ಉಳಿದದ್ದೆಲ್ಲ ಪಾನ ಹಿಡಿಯುವ ಕೈಚಳಕ.

ಈಗ ಡಮ್ಮಿಯ ವಿಚಾರ. ಸ್ಪಾರ್ಕ್ ಪ್ಲಗ್ ಬೇರೆ, ಇದು ಬೇರೆ. ಪುಸ್ತಕದಲ್ಲಿ ವೆಲ್ಷ್ ಪ್ಲಗ್, ಕೋರ್ ಪ್ಲಗ್ ಎಂದಿರುತ್ತದೆ, ಗ್ಯಾರೇಜಿನಲ್ಲಿ ಡಮ್ಮಿ. ಬ್ಲಾಕು, ಹೆಡ್ಡು ಎರಕ ಹೊಯ್ಯುವಾಗ ನೀರು ಓಡಾಡಬೇಕಾದ ಜಾಗದಲ್ಲಿ ಮರಳಿನ ಅಚ್ಚು ಕೂರಿಸಿರುತ್ತಾರೆ. ಲೋಹ ಆರಿದ ಮೇಲೆ ಆ ಮರಳನ್ನು ಹೊರಕ್ಕೆ ಉದುರಿಸಲು ತೂತುಗಳು ಬೇಕಲ್ಲ? ಆ ತೂತುಗಳಿಗೆ ಹೊಡೆದು ಕೂರಿಸಿದ ತಗಡಿನ ಬಿಲ್ಲೆ, ಇಲ್ಲವೇ ಪುಟ್ಟ ಬಟ್ಟಲಿನಾಕಾರದ ಮುಚ್ಚಳವೇ ಡಮ್ಮಿ. ಬ್ಲಾಕಿನ ಪಕ್ಕದಲ್ಲಿ ಕೆಲವು, ಹೆಡ್ಡಿನ ತುದಿಯಲ್ಲೊಂದೋ ಎರಡೋ. ಕೆಲವು ಎಂಜಿನ್‌ಗಳಲ್ಲಿ ಫ್ಲೈವೀಲಿನ ಹಿಂದೆ, ಗೇರ್ ಬಾಕ್ಸ್ ಇಳಿಸದೆ ಕಾಣಿಸದ ಜಾಗದಲ್ಲಿ. ಎರಕದ ಗೋಡೆ ಹಲವು ಮಿಲಿಮೀಟರ್ ದಪ್ಪ. ಡಮ್ಮಿಯ ತಗಡು ಅದರ ಮುಂದೆ ಕಾಗದ. ಒಳಗೆ ತುಕ್ಕು ತಿನ್ನಲು ಶುರುವಾದರೆ ಮೊದಲು ತೂತಾಗುವುದು ಇದೇ.

ಸೋರುವ ಡಮ್ಮಿ ತೆಗೆಯುವ ಕೆಲಸ ಮೇಸ್ತ್ರಿ ನನಗೆ ಬೇಗನೆ ಕೊಟ್ಟರು. ಅಂಚಿನ ಒಂದು ಕಡೆ ಪಂಚ್ ಇಟ್ಟು ಮೆಲ್ಲಗೆ ಹೊಡೆದರೆ ಬಿಲ್ಲೆ ಅಡ್ಡಕ್ಕೆ ತಿರುಗುತ್ತದೆ. ಇಕ್ಕಳ ಹಾಕಿ ಎಳೆಯಬೇಕು. ಒಳಕ್ಕೆ ಬೀಳಿಸಿದರೆ ಬೈಗುಳ. ತೆಗೆದ ಮೊದಲ ಬಿಲ್ಲೆಯನ್ನು ಅವರು ನನ್ನ ಕೈಯಿಂದ ತೆಗೆದುಕೊಂಡು, ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಹೊರಗೆ ಬಂದು ಬಿಸಿಲಿಗೆ ಎತ್ತಿ ಹಿಡಿದರು. "ನೋಡ್ಲಾ ಇಲ್ಲಿ." ಹೊರಗಿಂದ ಒಂದೇ ಒಂದು ಕಡೆ ಜಿನುಗುತ್ತಿದ್ದ ಬಿಲ್ಲೆಯಲ್ಲಿ ಬೆಳಕು ಹತ್ತಾರು ಕಡೆ ತೂರಿ ಬರುತ್ತಿತ್ತು, ಸೂಜಿ ಚುಚ್ಚಿದ ಹಾಗೆ. ತುಕ್ಕು ತಿಂದಿದ್ದು ಒಳಮೈಯನ್ನು. ಹೊರಮೈಗೆ ಬಳಿದ ಬಣ್ಣ ಹಾಗೇ ಇತ್ತು. ಅಷ್ಟು ದಿನ ನೀರನ್ನು ಹಿಡಿದು ನಿಲ್ಲಿಸಿದ್ದು ಆ ಬಣ್ಣವೇ ಇರಬೇಕು. "ಒಂದು ತೂತಾದ್ರೆ ಮಿಕ್ಕಿದ್ದೂ ಅದೇ ನೀರು ಕುಡ್ದಿರ್ತವೆ" ಎಂದರು. ಅವರ ಲೆಕ್ಕದಲ್ಲಿ ಒಂದು ಡಮ್ಮಿ ಬದಲಿಸುವುದು ಎಂಬ ಕೆಲಸವೇ ಇರಲಿಲ್ಲ. ಕೈಗೆ ಸಿಗುವವನ್ನೆಲ್ಲ ಬದಲಿಸಬೇಕು, ಸಿಗದಿರುವ ಹಿಂದಿನದರ ಮೇಲೆ ಕಣ್ಣಿಟ್ಟಿರಬೇಕು.

ಹೊಸದನ್ನು ಕೂರಿಸುವುದರಲ್ಲೂ ಅವರದೊಂದು ಶಿಸ್ತು. ತೂತಿನ ಒಳ ಅಂಚನ್ನು ಎಮರಿ ಕಾಗದದಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಬೆರಳಾಡಿಸಿ ಗುಳಿ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅಂಚಿಗೆ ತೆಳ್ಳಗೆ ಸೀಲೆಂಟ್. ಆಮೇಲೆ ಬಟ್ಟಲಿನ ಒಳಕ್ಕೆ ಸರಿಯಾಗಿ ಕೂರುವ ಸಾಕೆಟ್ ಹುಡುಕಿ, ಅದರ ಮೇಲೆ ಸುತ್ತಿಗೆ ಹಾಕಿ ಸಮನಾಗಿ ಇಳಿಸಬೇಕು. ನೇರ ಸುತ್ತಿಗೆ ಬಿದ್ದರೆ ಓರೆಯಾಗುತ್ತದೆ, ಓರೆಯಾದದ್ದು ಬಿಸಿಗೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣದ ಬ್ಲಾಕಿಗೆ ಹಿತ್ತಾಳೆ ಡಮ್ಮಿ ಸಿಕ್ಕರೆ ಅದನ್ನೇ ಹಾಕುತ್ತಿದ್ದರು. ಜೆ.ಸಿ. ರಸ್ತೆಯ ಅಂಗಡಿಗಳಿಂದ ತರಿಸಬೇಕಿತ್ತು, ತಗಡಿನದ್ದಕ್ಕಿಂತ ದುಬಾರಿ. ಗಿರಾಕಿ ಮುಖ ಸೊಟ್ಟ ಮಾಡಿದರೆ ವಾದಿಸುತ್ತಿರಲಿಲ್ಲ. ತೆಗೆದಿಟ್ಟ ಹಳೇ ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ತೋರಿಸುತ್ತಿದ್ದರು, ಅಷ್ಟೆ.

ಡ್ರೈವರುಗಳಿಗೆ ಇಷ್ಟೆಲ್ಲ ತಾಳ್ಮೆ ಎಲ್ಲಿಂದ ಬರಬೇಕು? ಅವರ ಔಷಧಿ ಅರಿಶಿನ. ರೇಡಿಯೇಟರು ಜಿನುಗಲಿ, ಡಮ್ಮಿ ಜಿನುಗಲಿ, ಒಂದು ಹಿಡಿ ಅರಿಶಿನದ ಪುಡಿ ಸುರಿದು ಎಂಜಿನ್ ಓಡಿಸುವುದು. ಪುಡಿ ನೀರಲ್ಲಿ ಉಬ್ಬಿ, ಸಣ್ಣ ತೂತಿನ ಬಾಯಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ಸೋರಿಕೆ ನಿಲ್ಲುವುದು ಸುಳ್ಳಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. ರಾತ್ರಿ ಹೊತ್ತು, ನಡುದಾರಿ, ಹಿಂದೆ ಮಕ್ಕಳು ಮರಿ ಇದ್ದಾಗ ಅದು ದೇವರೇ ಸರಿ. ಊರು ಮುಟ್ಟಿದ ಮೇಲೂ ಅದನ್ನೇ ನಂಬಿ ಆರು ತಿಂಗಳು ಓಡಿಸಿದರೆ ಬೇರೆ ಕತೆ. ಅದೇ ಪುಡಿ ರೇಡಿಯೇಟರಿನ ಸಪೂರ ನಾಳಗಳಿಗೂ ಹೋಗಿ ಕೂತಿರುತ್ತದೆ. ನಾವು ರೇಡಿಯೇಟರ್ ಬಿಚ್ಚಿ ಟ್ಯಾಂಕು ಕಳಚಿದಾಗ ಒಳಗೆ ಸುಣ್ಣ, ತುಕ್ಕು, ಅರಿಶಿನ ಮೂರೂ ಸೇರಿ ಕುಂಕುಮದ ಬಣ್ಣದ ಗಾರೆಯಾಗಿರುತ್ತಿತ್ತು. ಹಬ್ಬದ ದಿನ ಮನೆಯ ಅರಿಶಿನದ ಡಬ್ಬಿ ಖಾಲಿಯಾಗಿದ್ದಕ್ಕೆ ಜಗಳವಾದ ಸುದ್ದಿಯೂ ಗ್ಯಾರೇಜಿಗೆ ಬರುತ್ತಿತ್ತು.

ಅರಿಶಿನಕ್ಕಿಂತ ಅಪಾಯದ ಇನ್ನೊಂದು ಉಪಾಯವಿತ್ತು. ಡಮ್ಮಿ ಜಿನುಗುವುದು ಒತ್ತಡಕ್ಕೆ ಎಂದು ಅನುಭವಸ್ಥ ಡ್ರೈವರುಗಳಿಗೆ ಗೊತ್ತು. ಹಾಗಾಗಿ ರೇಡಿಯೇಟರ್ ಮುಚ್ಚಳದ ಒಳಗಿನ ರಬ್ಬರನ್ನೇ ಕಿತ್ತು ಹಾಕುತ್ತಿದ್ದರು. ಒತ್ತಡ ಕಟ್ಟದು, ಜಿನುಗುವುದು ನಿಲ್ಲುತ್ತದೆ, ಬುದ್ಧಿವಂತಿಕೆಯೇ. ಆದರೆ ಆ ಮುಚ್ಚಳದ ಕೆಲಸವೇ ಒತ್ತಡ ಕಟ್ಟುವುದು. ನಮ್ಮೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಗೆ ಕಾಯುವುದೇ ಇಲ್ಲ, 97ರ ಹತ್ತಿರ ಕುದಿಯುತ್ತದೆ. ಮಾರುತಿಯಂಥ ಕಾರಿನ ಮುಚ್ಚಳ ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡ ಹಿಡಿಯುತ್ತದೆ. ಅದು ಗಟ್ಟಿಯಿದ್ದರೆ ಅದೇ ನೀರು 115 ಡಿಗ್ರಿ ದಾಟುವವರೆಗೂ ಕುದಿಯದೆ ಇರುತ್ತದೆ. ಕೆಲವು ರೂಪಾಯಿಯ ರಬ್ಬರು ಕಿತ್ತವನು ಸುಮಾರು ಇಪ್ಪತ್ತು ಡಿಗ್ರಿಯ ರಕ್ಷಣೆ ಕಿತ್ತು ಬಿಸಾಡಿದ ಲೆಕ್ಕ. ನೀರು ಕುದಿದ ಕಡೆ ಗುಳ್ಳೆ, ಗುಳ್ಳೆ ಇರುವ ಕಡೆ ಲೋಹಕ್ಕೆ ನೀರು ತಾಗುವುದಿಲ್ಲ. ಅಲ್ಲಿಂದ ಗ್ಯಾಸ್ಕೆಟ್‌ಗೆ ದೂರವಿಲ್ಲ.

ಈ ಎಲ್ಲವನ್ನೂ ಒಂದೇ ಗಾಡಿಯಲ್ಲಿ ಕಂಡದ್ದು ಒಂದು ಡೀಸೆಲ್ ಅಂಬಾಸಿಡರಿನಲ್ಲಿ. ಬಾಡಿಗೆ ಗಾಡಿ; ಮನೆಮಂದಿಯನ್ನೆಲ್ಲ ತುಂಬಿಕೊಂಡು ಧರ್ಮಸ್ಥಳಕ್ಕೆ ಹೋಗಿತ್ತು. ಹೋಗುವಾಗ ಇಳಿಜಾರು, ತೊಂದರೆಯಿಲ್ಲ. ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತಬೇಕು. ಬ್ಲಾಕಿನ ಪಕ್ಕದ ಡಮ್ಮಿ ತಿಂಗಳುಗಳಿಂದ ಜಿನುಗುತ್ತಿತ್ತು, ಅರಿಶಿನದ ಮೇಲೆ ಅರಿಶಿನ ಬಿದ್ದಿತ್ತು, ಮುಚ್ಚಳದಲ್ಲಿ ರಬ್ಬರಿರಲಿಲ್ಲ. ಎರಡನೇ ಗೇರಿನಲ್ಲಿ, ಮುಂದೆ ಸರಕು ಲಾರಿ, ಹಿಂದೆ ಸರಕು ಲಾರಿ. ಮೀಟರಿನ ಮುಳ್ಳು ಕೆಂಪಿನ ಹತ್ತಿರ ಹೋಗಿ ಕೂತಿತು. ಆಮೇಲೆ ಡ್ರೈವರಿಗೆ ಸಮಾಧಾನವಾಗುವಂತೆ ಮುಳ್ಳು ತಾನೇ ಕೆಳಗಿಳಿಯಿತು. "ಘಾಟಿ ಗಾಳಿಗೆ ತಣ್ಣಗಾಯ್ತು ಅಂದ್ಕಂಡೆ ಮೇಸ್ತ್ರಿ" ಎಂದು ಅವನು ಆಮೇಲೆ ಹೇಳಿದ. ಅಲ್ಲೇ ಇರುವುದು ಮೋಸ. ಮೀಟರಿನ ಬಲ್ಬು ಅಳೆಯುವುದು ತನ್ನನ್ನು ಮುಟ್ಟಿದ ನೀರಿನ ಬಿಸಿಯನ್ನು. ನೀರೇ ಇಳಿದು ಹೋಗಿ ಬಲ್ಬಿನ ಸುತ್ತ ಬರೀ ಆವಿ ಉಳಿದರೆ ಮುಳ್ಳು ಬೀಳುತ್ತದೆ. ಬಿಸಿಯಾಗಿ ಏರಿದ ಮುಳ್ಳು ಏರಿನ ನಡುವೆಯೇ ಸುಮ್ಮನೆ ಇಳಿಯಿತು ಎಂದರೆ ಗಾಡಿ ನಿಲ್ಲಿಸಬೇಕು. ನಾನು ಹೊಸ ಡ್ರೈವರುಗಳಿಗೆ ಹೇಳುವ ಮೊದಲ ಮಾತು ಇವತ್ತಿಗೂ ಇದೇ.

ಅವನು ನಿಲ್ಲಿಸಿದ್ದು ಎಂಜಿನ್ನೇ ಉಸಿರುಕಟ್ಟಿ ನಿಂತ ಮೇಲೆ. ರಸ್ತೆ ಪಕ್ಕದಲ್ಲಿ ಕೆಂಪುಹೊಳೆ ಹರಿಯುತ್ತಿತ್ತು. ಕ್ಯಾನಿನಲ್ಲಿ ತಣ್ಣನೆಯ ನೀರು ತಂದು ಸುಡುತ್ತಿದ್ದ ಎಂಜಿನ್ನಿಗೆ ಸುರಿದರು. ಒಳಗೂ ಸುರಿದರು, ಹೊರಗೂ ಸುರಿದರು. ಉದ್ದೇಶ ಒಳ್ಳೆಯದೇ. ಆ ಹೊತ್ತಿನಲ್ಲಿ ಮಾಡಬೇಕಾದದ್ದು ಮಾತ್ರ ಏನೂ ಮಾಡದೆ ಮುಕ್ಕಾಲು ಗಂಟೆ, ಒಂದು ಗಂಟೆ ಬಾನೆಟ್ ತೆರೆದು ಕೂರುವುದು. ಮುಚ್ಚಳದ ಮೇಲೆ ಕೈಯಿಡುವಷ್ಟು ತಣ್ಣಗಾದ ಮೇಲೆ, ಎಂಜಿನ್ ಚಾಲೂ ಆದರೆ ಚಾಲೂ ಇಟ್ಟುಕೊಂಡೇ, ಸ್ವಲ್ಪ ಸ್ವಲ್ಪವಾಗಿ ನೀರು ಹಾಕುವುದು. ಬೆಟ್ಟದ ಮಧ್ಯೆ, ಹೆಂಗಸರು ಮಕ್ಕಳು ರಸ್ತೆ ಬದಿ ಕೂತಿರುವಾಗ ಇದನ್ನು ಹೇಳುವುದು ಸುಲಭ, ಮಾಡುವುದು ಕಷ್ಟ.

ಗಾಡಿ ಲಾರಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಸಕಲೇಶಪುರದವರೆಗೆ, ಅಲ್ಲಿಂದ ಹೇಗೋ ಊರಿಗೆ ಬಂತು. ಆಯಿಲ್ ಕಡ್ಡಿ ಎಳೆದರೆ ಹಾಲು ಹಾಕಿದ ಕಾಫಿ ಬಣ್ಣ. ಹೆಡ್ ಇಳಿಸಿದೆವು. ತಾಮ್ರ-ಆಸ್ಬೆಸ್ಟಾಸಿನ ಗ್ಯಾಸ್ಕೆಟ್ ನಡುವಿನ ಎರಡು ಸಿಲಿಂಡರುಗಳ ಸಂದಿಯಲ್ಲಿ ಸುಟ್ಟು ಕರಿಯಾಗಿ ಹರಿದಿತ್ತು. ಆ ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಇಪ್ಪತ್ತು ಪಟ್ಟಿಗಿಂತ ಹೆಚ್ಚು ಅದುಮುತ್ತಾರೆ. ಆ ಒತ್ತಡಕ್ಕೆ ಒಂದು ಎಳೆಯಷ್ಟು ದಾರಿ ಸಿಕ್ಕರೆ ಸಾಕು, ಮುಂದಿನದನ್ನು ಬೆಂಕಿಯೇ ಕೊರೆದುಕೊಳ್ಳುತ್ತದೆ. ಗ್ಯಾಸ್ಕೆಟ್ ಬದಲಿಸಿ ಕೈತೊಳೆದುಕೊಳ್ಳೋಣ ಎಂದು ಗಾಡಿ ಮಾಲೀಕರ ಅವಸರ. ಮೇಸ್ತ್ರಿ ಒಪ್ಪಲಿಲ್ಲ. ಹೆಡ್ಡನ್ನು ಚೆನ್ನಾಗಿ ತೊಳೆಸಿ, ಅದರ ಮೈಗೆಲ್ಲ ಸೀಮೆಎಣ್ಣೆ ಸವರಿ, ಅದು ಒಳಕ್ಕಿಳಿಯಲು ಬಿಟ್ಟರು. ಆಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸ್ಕೂಲಿನಿಂದ ತರಿಸಿದ ಸೀಮೆಸುಣ್ಣವನ್ನು ಪುಡಿ ಮಾಡಿ ತೆಳ್ಳಗೆ ಉದುರಿಸಿದರು. ನಾವು ಬಗ್ಗಿ ನೋಡುತ್ತಾ ನಿಂತೆವು. ಬೆಳ್ಳನೆಯ ಪುಡಿಯ ಮೇಲೆ, ವಾಲ್ವ್ ಸೀಟಿನಿಂದ ಪಕ್ಕದ ಸೀಟಿನ ಕಡೆಗೆ, ಒದ್ದೆಯ ಗೆರೆಯೊಂದು ತಾನೇ ತಾನಾಗಿ ಮೂಡಿತು. ಬಿರುಕಿನೊಳಗೆ ಅವಿತಿದ್ದ ಸೀಮೆಎಣ್ಣೆ ಸುಣ್ಣಕ್ಕೆ ಹೀರಿಕೊಂಡು ಮೇಲೆ ಬಂದಿತ್ತು. ಬರಿಗಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇದನ್ನೇ ಬಣ್ಣದ ದ್ರಾವಣ ಹಾಕಿ ಮಾಡುತ್ತಾರೆ ಎಂದು ಆಮೇಲೆ ತಿಳಿಯಿತು. ಮಾಲೀಕರು ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿ ಅಲೆದು ಬೇರೆ ಹೆಡ್ ತಂದರು.

ಗ್ಯಾರೇಜಿನ ಮೂಲೆಯಲ್ಲಿ ಮುಚ್ಚಳವಿದ್ದ ಎರಡು ಡ್ರಮ್ಮುಗಳಿದ್ದವು. ಅವುಗಳ ನೀರಿನಲ್ಲಿ ಕೈಕಾಲು ತೊಳೆದವನಿಗೆ ಏಟು ಗ್ಯಾರಂಟಿ. ಮಳೆಗಾಲದಲ್ಲಿ ತಗಡಿನ ಚಾವಣಿಯಿಂದ ಹಿಡಿದ ನೀರು ಅದು. ಮೊದಲ ಎರಡು ಮೂರು ಮಳೆ ಧೂಳು ತೊಳೆದು ಹೋಗಲಿ ಎಂದು ಬಿಟ್ಟು, ಆಮೇಲಿನದನ್ನು ಬಟ್ಟೆ ಕಟ್ಟಿ ಹಿಡಿಯುತ್ತಿದ್ದರು. ನಮ್ಮಲ್ಲಿ ಹೆಡ್ ಇಳಿಸಿ ಏರಿಸಿದ ಗಾಡಿಗೆ ಆ ನೀರೇ. ಕೂಲೆಂಟ್ ಎಂಬುದು ಆಗ ನಮ್ಮೂರ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಸಿಕ್ಕರೂ ಕೊಳ್ಳುವವರಿರಲಿಲ್ಲ. ಮಳೆನೀರು ಹಾಕಿದ ಮಾತ್ರಕ್ಕೆ ತುಕ್ಕು ನಿಲ್ಲುವುದಿಲ್ಲ ಎಂಬುದು ನಿಜ. ಕಬ್ಬಿಣಕ್ಕೆ ನೀರೂ ಗಾಳಿಯೂ ಸಿಕ್ಕರೆ ಸಾಕು. ಆದರೆ ಸುಣ್ಣ ಕಟ್ಟುವುದಿಲ್ಲ. ಮೇಸ್ತ್ರಿ ಓದಿದ್ದು ನಾಲ್ಕನೇ ಕ್ಲಾಸು. ಇಡೀ ತಾಲ್ಲೂಕಿನ ಅಂತರ್ಜಲವನ್ನು ಅತಿಬಳಕೆಯ ಪಟ್ಟಿಗೆ ಸೇರಿಸಿ ಸರ್ಕಾರ ಮಳೆಕೊಯ್ಲಿನ ಮಾತಾಡುವ ಎಷ್ಟೋ ಮುಂಚೆ ನಾನು ಕಂಡ ಮಳೆಕೊಯ್ಲು ಅದೊಂದೇ, ಅದೂ ಅಂಬಾಸಿಡರುಗಳ ಸಲುವಾಗಿ.

ಮಾರುತಿ ಬಂದ ಮೇಲೆ ಕೆಲಸದ ಲೆಕ್ಕವೇ ಬದಲಾಯಿತು. 1983ರ ಡಿಸೆಂಬರ್‌ನಲ್ಲಿ ಗುರ್‌ಗಾಂವ್‌ನಲ್ಲಿ ಮೊದಲ ಕಾರು ಹೊರಬಂದರೂ ನಮ್ಮ ಗ್ಯಾರೇಜಿನ ಬಾಗಿಲಿಗೆ ಬರಲು ವರ್ಷಗಳೇ ಹಿಡಿದವು. 796 ಸಿಸಿಯ, ಮೂರು ಸಿಲಿಂಡರಿನ ಪುಟ್ಟ ಎಂಜಿನ್, ಅಲ್ಯೂಮಿನಿಯಂ ಹೆಡ್. ಪದ್ಮಿನಿಯ ಹೆಡ್ಡೂ ಅಲ್ಯೂಮಿನಿಯಂ ಆದ್ದರಿಂದ ಆ ಲೋಹದ ಗುಣ ಮೇಸ್ತ್ರಿಗೆ ಗೊತ್ತಿತ್ತು. ಬಿಸಿಗೆ ಅಲ್ಯೂಮಿನಿಯಂ ಎರಕದ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ ಇದ್ದರೆ ಪ್ರತಿ ಸಲ ಬಿಸಿಯಾದಾಗಲೂ ಮೇಲಿನದು ಹಿಗ್ಗಲು ನೋಡುತ್ತದೆ, ಕೆಳಗಿನದು ಬಿಡುವುದಿಲ್ಲ. ನಡುವೆ ಉಜ್ಜಿಕೊಳ್ಳುವುದು ಗ್ಯಾಸ್ಕೆಟ್. ಅಂಬಾಸಿಡರಿನ ಹೆಡ್ ಅತಿಯಾಗಿ ಕಾದರೆ ಬಿರಿಯುತ್ತದೆ. ಮಾರುತಿಯದು ಬೆಂಡಾಗುತ್ತದೆ.

ಬೆಂಡು ಅಂದರೆ ಕಣ್ಣಿಗೆ ಕಾಣುವ ಬೆಂಡಲ್ಲ. ನೇರವಾದ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಫೀಲರ್ ಗೇಜಿನ ಎಲೆ ತೂರಿಸಿ ನೋಡಬೇಕು. 0.05 ಮಿಲಿಮೀಟರಿನ ಎಲೆ ತೂರಿದರೆ ಹೆಡ್ಡನ್ನು ಫೇಸಿಂಗಿಗೆ, ಎಂದರೆ ಮೈ ಸಮ ಮಾಡಿಸಲು, ಕಳಿಸಬೇಕು. ಆ ಎಲೆ ತಲೆಗೂದಲಿಗಿಂತ ತೆಳು. ಸರಿಯಾದ ಕೂಲೆಂಟ್ ಕಾಣದ ಅಲ್ಯೂಮಿನಿಯಂ ಹೆಡ್ಡಿನಲ್ಲಿ ಇನ್ನೊಂದು ರೋಗ: ನೀರಿನ ತೂತುಗಳ ಅಂಚು ಕೊರೆದು ಕೊರೆದು ಗ್ಯಾಸ್ಕೆಟ್ ಕೂರಬೇಕಾದ ಜಾಗಕ್ಕೇ ಬಂದುಬಿಟ್ಟಿರುತ್ತದೆ. ಅಂಥ ಹೆಡ್ಡಿಗೆ ಎಷ್ಟು ಒಳ್ಳೆ ಗ್ಯಾಸ್ಕೆಟ್ ಹಾಕಿದರೂ ಕೆಲವೇ ತಿಂಗಳು. ವೆಲ್ಡಿಂಗ್ ತುಂಬಿಸಿ ಫೇಸ್ ಮಾಡಿಸಬೇಕು, ಇಲ್ಲವೇ ಹೆಡ್ ಬದಲಿಸಬೇಕು. ತುಮಕೂರಿನ ಲೇತ್ ಅಂಗಡಿಗೆ ಮಡಿಲಲ್ಲಿ ಹೆಡ್ ಇಟ್ಟುಕೊಂಡು ಬಸ್ಸಿನಲ್ಲಿ ಹೋಗುತ್ತಿದ್ದದ್ದು ನಾನೇ. ಕಂಡಕ್ಟರ್ ಲಗೇಜು ಕೇಳುತ್ತಿದ್ದ.

ಬೋಲ್ಟು ಬಿಗಿಯುವುದನ್ನು ಮೇಸ್ತ್ರಿ ಯಾರಿಗೂ ಬಿಡುತ್ತಿರಲಿಲ್ಲ. ಟಾರ್ಕ್ ರಿಂಚು ಅವರ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿಕೊಂಡು ಮಲಗಿರುತ್ತಿತ್ತು. ಮೊದಲು ಬ್ಲಾಕಿನ ಬೋಲ್ಟು ತೂತುಗಳಿಂದ ಎಣ್ಣೆ, ನೀರು, ಕಸ ಪೂರ್ತಿ ತೆಗೆಯಬೇಕು. ತಳದಲ್ಲಿ ನೀರು ನಿಂತಿದ್ದರೆ ಬೋಲ್ಟು ಅದನ್ನೇ ಅದುಮಿ ಬಿಗಿಯಾದಂತೆ ನಟಿಸುತ್ತದೆ, ಕೆಲವೊಮ್ಮೆ ಬ್ಲಾಕನ್ನೇ ಸೀಳುತ್ತದೆ. ಬಿಗಿಯುವುದು ನಡುವಿನ ಬೋಲ್ಟಿನಿಂದ ಹೊರಕ್ಕೆ, ಸುರುಳಿ ಸುರುಳಿಯಾಗಿ. ಒಂದೇ ಏಟಿಗಲ್ಲ, ಹಂತ ಹಂತವಾಗಿ. ಬಿಚ್ಚುವಾಗ ಉಲ್ಟಾ, ಹೊರಗಿನಿಂದ ಒಳಕ್ಕೆ, ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ. ಬಿಸಿ ಹೆಡ್ಡಿನ ಬೋಲ್ಟು ಸಡಿಲಿಸಿದರೆ ಅಲ್ಲೇ ಬೆಂಡು. ಹಳೆಯ ಗ್ಯಾಸ್ಕೆಟ್‌ಗಳಿಗೆ ಒಂದಿಷ್ಟು ಓಡಿಸಿ ಮತ್ತೆ ಬಿಗಿಯಬೇಕಿತ್ತು. ಗಿರಾಕಿಗಳು ವಾಪಸ್ ಬರುತ್ತಲೇ ಇರಲಿಲ್ಲ, ಮೇಸ್ತ್ರಿಯೇ ಸಂತೆ ದಿನ ಅವರನ್ನು ಹಿಡಿದು "ಗಾಡಿ ತಗಂಬನ್ನಿ, ಕಾಸ್ ಕೊಡ್ಬ್ಯಾಡಿ" ಎಂದು ಗೋಗರೆಯುತ್ತಿದ್ದರು. ಈಗಿನ ಪದರ ಪದರದ ಉಕ್ಕಿನ ಗ್ಯಾಸ್ಕೆಟ್‌ಗಳಿಗೆ ಆ ರಗಳೆಯಿಲ್ಲ. ಬದಲಿಗೆ ಅವು ಕೇಳುವುದು ಕನ್ನಡಿಯಂಥ ನುಣುಪು. ಮರಳು ಕಾಗದದಲ್ಲಿ ತಿಕ್ಕಿದ ಮೈಯನ್ನು ಅವು ಒಪ್ಪುವುದಿಲ್ಲ.

ಥರ್ಮೋಸ್ಟಾಟ್ ವಿಚಾರ ಹೇಳದಿದ್ದರೆ ನನ್ನ ಹೊಟ್ಟೆಯುರಿ ಹೋಗದು. ನಮ್ಮ ಕಡೆ ಎಂಜಿನ್ ಬಿಸಿಯಾಯಿತು ಎಂದ ಕೂಡಲೇ ಅದನ್ನು ಕಿತ್ತು ಬಿಸಾಡುವ ಚಾಳಿ ಇವತ್ತಿಗೂ ಇದೆ. ನಮ್ಮದು ಬಿಸಿಲು ದೇಶ, ಇದು ಫಾರಿನ್ನಿನ ಚಳಿಗೆ ಮಾಡಿದ್ದು ಎಂಬ ವಾದ. ಅದರೊಳಗಿನ ಮೇಣ 82 ಡಿಗ್ರಿಯ ಆಸುಪಾಸಿನಲ್ಲಿ ಕರಗಿ ಹಿಗ್ಗಿ ಬಾಗಿಲು ತೆಗೆಯುತ್ತದೆ. ಎಂಜಿನ್ ಬೇಗ ಹದ ಬಿಸಿಗೆ ಬಂದು ಅಲ್ಲೇ ನಿಲ್ಲಲಿ ಎಂದು ಇಟ್ಟದ್ದು. ಕಿತ್ತರೆ ಎಂಜಿನ್ ಸದಾ ತಣ್ಣಗೂ ಬಿಸಿಗೂ ನಡುವೆ ತೂಗುತ್ತದೆ. ಬೈಪಾಸ್ ಇರುವ ಕೆಲವು ಎಂಜಿನ್‌ಗಳಲ್ಲಂತೂ ನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತಿ ಘಾಟಿಯಲ್ಲಿ ಇನ್ನಷ್ಟು ಕಾಯುತ್ತದೆ. ಕೆಟ್ಟಿದ್ದರೆ ಬದಲಿಸಬೇಕು. ಕುದಿಯುವ ನೀರಿನ ಪಾತ್ರೆಗೆ ದಾರ ಕಟ್ಟಿ ಇಳಿಬಿಟ್ಟರೆ ತೆರೆಯುತ್ತದೋ ಇಲ್ಲವೋ ಕಣ್ಣೆದುರೇ ಗೊತ್ತಾಗುತ್ತದೆ.

ಗ್ಯಾಸ್ಕೆಟ್ ಹೋಗುವ ಮುನ್ನ ಎಂಜಿನ್ ಸುಳಿವು ಕೊಡುತ್ತದೆ. ಬೆಳಗ್ಗೆ ತಣ್ಣನೆಯ ಎಂಜಿನ್ ಚಾಲೂ ಮಾಡಿದ ಒಂದೆರಡು ನಿಮಿಷಕ್ಕೇ ರೇಡಿಯೇಟರ್ ಪೈಪು ಕಲ್ಲಾಗುವುದು, ಮುಚ್ಚಳ ತೆಗೆದಿಟ್ಟರೆ ನೀರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಹೊರಗೆ ಎಲ್ಲೂ ಸೋರದೆ ನೀರು ಕಡಿಮೆಯಾಗುತ್ತಾ ಹೋಗುವುದು, ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ. ಆಯಿಲ್ ಮುಚ್ಚಳದ ಕೆಳಗೆ ಸ್ವಲ್ಪ ಕೆನೆ ಕಂಡ ಮಾತ್ರಕ್ಕೆ ಗಾಬರಿ ಬೇಡ; ಚಳಿಗಾಲದಲ್ಲಿ ಹತ್ತಿರ ಹತ್ತಿರ ಓಡಾಡುವ ಗಾಡಿಯಲ್ಲಿ ಬರೀ ಇಬ್ಬನಿಗೂ ಹಾಗಾಗುತ್ತದೆ. ಕಡ್ಡಿಯಲ್ಲೂ ಅದೇ ಬಣ್ಣ ಇದ್ದರೆ ಮಾತ್ರ ಹೆಡ್ ಇಳಿಸುವ ಮಾತು.

ಮೇಸ್ತ್ರಿ ಹೋಗಿ ಬಹಳ ಕಾಲವಾಯಿತು. ಈಗ ದಾಬಸ್‌ಪೇಟೆಯ ಸುತ್ತ ಕಾರ್ಖಾನೆಗಳು, ಊರಿನ ಮನೆ ಮನೆಗೂ ಕಾರು. ಕೂಲೆಂಟ್ ಡಬ್ಬ ಕಿರಾಣಿ ಅಂಗಡಿಯ ಪಕ್ಕದಲ್ಲೇ ಸಿಗುತ್ತದೆ, ಹಸಿರು, ಕೆಂಪು, ನೀಲಿ. ಬಣ್ಣ ನೋಡಿ ಸುರಿಯುವವರೇ ಹೆಚ್ಚು. ಕಂಪನಿ ಹೇಳಿದ ದರ್ಜೆ ಯಾವುದು ಎಂದು ಪುಸ್ತಕ ನೋಡಬೇಕು. ಬಣ್ಣಕ್ಕೂ ಒಳಗಿನ ಮಾಲಿಗೂ ನಂಬಿಕೆಯ ಸಂಬಂಧವಿಲ್ಲ. ನಮ್ಮೂರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲವಲ್ಲ, ಕೂಲೆಂಟ್ ಯಾಕೆ ಎನ್ನುವವರಿಗೆ ನಾನು ಕೊಡುವ ಉತ್ತರ ಚಿಕ್ಕದು: ಅದರಲ್ಲಿರುವ ತುಕ್ಕುನಿರೋಧಕಕ್ಕೆ, ಮತ್ತು ಕುದಿಯುವ ಬಿಂದು ಒಂದಿಷ್ಟು ಮೇಲೇರಲಿ ಎಂಬುದಕ್ಕೆ. ಆ ತುಕ್ಕುನಿರೋಧಕ ಸವೆಯುತ್ತದೆ. ಹಳೆಯ ಬಗೆಯದಾದರೆ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಡಬ್ಬದ ಗಟ್ಟಿ ಕೂಲೆಂಟನ್ನು ನಲ್ಲಿ ನೀರಿಗೆ ಬೆರೆಸಿದರೆ ಗಡಸು ನೀರು ಅದರ ಕೆಲವು ರಾಸಾಯನಿಕಗಳನ್ನೇ ಗಷ್ಟಾಗಿ ಕೆಳಗೆ ಕೂರಿಸುತ್ತದೆ. ಸರ್ಕಾರದ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಹಿಡಿದ ಕ್ಯಾನ್ ನೀರು ಬೋರ್‌ವೆಲ್ ನೀರಿಗಿಂತ ಎಷ್ಟೋ ವಾಸಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅದಕ್ಕಿಂತ ವಾಸಿ. ಒಂದು ಕಾರಿಗೆ ಹಿಡಿಯುವುದು ಕೆಲವೇ ಲೀಟರ್. ಹಬ್ಬಕ್ಕೆ ಕಾರಿಗೆ ಹಾಕಿಸುವ ಹೂವಿನ ಹಾರಕ್ಕಿಂತ ಅಗ್ಗ.

ಈ ಬೇಸಿಗೆಯಲ್ಲಿ ಶಿವಗಂಗೆ ಕಡೆಯ ಹಿರಿಯ ರೈತರೊಬ್ಬರು ಹಳೆಯ ಡೀಸೆಲ್ ಜೀಪು ತಂದರು. ಕ್ಲಚ್ ಹೌಸಿಂಗಿನ ಕೆಳಗಿನ ತೂತಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಸುತ್ತ ತುಕ್ಕಿನ ಕೆಂಪು ಗೆರೆ. ಬೇರೆ ಗ್ಯಾರೇಜಿನಲ್ಲಿ ಹೆಡ್ ಗ್ಯಾಸ್ಕೆಟ್ ಎಂದಿದ್ದರಂತೆ. ಪೈಪು ಕಲ್ಲಾಗಿರಲಿಲ್ಲ, ಗುಳ್ಳೆಯಿಲ್ಲ, ಕಡ್ಡಿಯಲ್ಲಿ ಆಯಿಲ್ ಆಯಿಲಾಗಿಯೇ ಇತ್ತು. ಒತ್ತಡದ ಪಂಪನ್ನು ರೇಡಿಯೇಟರ್ ಬಾಯಿಗೆ ಹಾಕಿ ಗಾಳಿ ತುಂಬಿದೆ, ತೊಟ್ಟು ಜೋರಾಯಿತು. ಬ್ಲಾಕಿನ ಹಿಂದಿನ ಡಮ್ಮಿ. ಹೆಡ್ ಇಳಿಸುವುದು ಬೇಡ, ಗೇರ್ ಬಾಕ್ಸ್ ಇಳಿಸಬೇಕು ಎಂದೆ.

"ಅದೊಂದೇ ಹಾಕ್ಬುಡಪ್ಪ, ಸಾಕು."

"ಹಿಂದಿಂದೂ ಹಾಕ್ತೀನಿ, ಪಕ್ಕದವೂ ಹಾಕ್ತೀನಿ ಗೌಡ್ರೆ. ಸಾಮಾನು ನೂರಾರು ರೂಪಾಯ್ದು, ಇಳಿಸೋ ಕೂಲಿ ಸಾವಿರಾರು ರೂಪಾಯ್ದು. ಇನ್ನೊಂದ್ ಸಲ ಇಳಿಸ್ಬೇಕಾದ್ರೆ ನಿಮ್ಗೇ ನಷ್ಟ."

ಅವರು ಮಗನಿಗೆ ಫೋನು ಹಚ್ಚಿ, ಜೀಪಿನ ಸುತ್ತ ಒಂದು ಸುತ್ತು ಹಾಕಿ, ನನ್ನ ಲೆಕ್ಕವನ್ನೇ ಅವನಿಗೆ ಒಪ್ಪಿಸಿದರು. ಆಮೇಲೆ ಫೋನು ಜೇಬಿಗಿಳಿಸಿ ತಾವೂ ಒಂದು ಲೆಕ್ಕ ಮುಂದಿಟ್ಟರು: "ಆಗ್ಲಿ. ಗೇರ್ ಬಾಕ್ಸ್ ಹೆಂಗೂ ಇಳಿಸ್ತೀಯ, ಕ್ಲಚ್ ಪ್ಲೇಟೂ ಹಾಕ್ಬುಡು. ಕೂಲಿ ಮಾತ್ರ ಒಂದೇ."